16 ಗಂಟೆ ಉಪವಾಸ, ಕಡಿಮೆ ಅನ್ನ: ತೂಕ ಇಳಿಯುತ್ತಾ? ಶುಗರ್ ಮಾತ್ರೆ ತಗೊಳ್ಳುವವರು ಮೊದಲು ಇದನ್ನು ಓದಿ

ಹಾಸನ: ಬೆಳಗ್ಗೆ ವಾಕಿಂಗ್ ಬರುವವರ ಬಾಯಲ್ಲಿ ಈಗ ಎರಡೇ ಮಾತು. ಒಂದು ಇಂಟರ್‌ಮಿಟೆಂಟ್ ಫಾಸ್ಟಿಂಗ್, ಇನ್ನೊಂದು ಲೋ ಕಾರ್ಬ್. ವಾಟ್ಸಾಪ್ ವಿಡಿಯೋ ನೋಡಿ ಮಾರನೇ ದಿನವೇ ತಿಂಡಿ ಬಿಡುವವರೂ ಇದ್ದಾರೆ. ತೂಕ ಇಳಿಸಬೇಕು ಅನ್ನೋದು ಒಳ್ಳೆಯದೇ. ಆದರೆ ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಈ ಎರಡೂ ಪದ್ಧತಿಗಳ ಬಗ್ಗೆ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಏನಿದು ಇಂಟರ್‌ಮಿಟೆಂಟ್ ಫಾಸ್ಟಿಂಗ್?

ಏನು ತಿನ್ನಬೇಕು ಅನ್ನುವುದಕ್ಕಿಂತ ಯಾವಾಗ ತಿನ್ನಬೇಕು ಅನ್ನೋದೇ ಇಲ್ಲಿ ಮುಖ್ಯ. ಹೆಚ್ಚು ಚಾಲ್ತಿಯಲ್ಲಿರುವುದು 16:8. ಅಂದರೆ ದಿನದ 8 ಗಂಟೆಯೊಳಗೆ ಊಟ-ತಿಂಡಿ ಎಲ್ಲಾ ಮುಗಿಸಿ, ಉಳಿದ 16 ಗಂಟೆ ಬರೀ ನೀರು, ಸಕ್ಕರೆ-ಹಾಲು ಇಲ್ಲದ ಟೀ ಅಥವಾ ಕಾಫಿ. 5:2 ಅಂದರೆ ವಾರದಲ್ಲಿ ಐದು ದಿನ ಮಾಮೂಲಿ ಊಟ, ಎರಡು ದಿನ ತೀರಾ ಕಡಿಮೆ.

ನಮ್ಮ ಕಡೆ ಇದು ಹೊಸದೇನಲ್ಲ. ಶನಿವಾರವೋ ಸೋಮವಾರವೋ ಒಪ್ಪತ್ತು ಮಾಡುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಒಪ್ಪತ್ತಿನ ರಾತ್ರಿ ‘ಫಲಾಹಾರ’ ಅಂತ ತಟ್ಟೆ ತುಂಬಾ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಮೇಲೆ ಒಂದು ಲೋಟ ಸಿಹಿ ಹಾಲು ಆದರೆ ತೂಕ ಇಳಿಯುವ ಮಾತೇ ಇಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

ಚೀನಾದಲ್ಲಿ 139 ಮಂದಿ ಬೊಜ್ಜಿನವರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಕ್ಯಾಲರಿ ಒಂದೇ ರೀತಿ ಕಡಿಮೆ ಮಾಡಲಾಗಿತ್ತು. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕಿತ್ತು. ಅವರು ಸರಾಸರಿ 8 ಕೆ.ಜಿ., ಇನ್ನೊಂದು ಗುಂಪಿನವರು 6.3 ಕೆ.ಜಿ. ಇಳಿದರು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಲೋ ಕಾರ್ಬ್‌ನವರು ವರ್ಷಕ್ಕೆ 6 ಕೆ.ಜಿ., ಕೊಬ್ಬು ಕಡಿಮೆ ಮಾಡಿದವರು 5.3 ಕೆ.ಜಿ. ಇಳಿದಿದ್ದರು.

ಅಂದರೆ ಗಡಿಯಾರದಲ್ಲಿ ಮಂತ್ರ ಏನೂ ಇಲ್ಲ. ಒಟ್ಟು ತಿನ್ನುವುದು ಕಡಿಮೆಯಾದರೆ ತೂಕ ಇಳಿಯುತ್ತದೆ. ಹೊತ್ತು ಕಟ್ಟಿಕೊಂಡು ತಿಂದರೆ ಕೆಲವರಿಗೆ ಅದು ಸುಲಭ, ಅಷ್ಟೇ. ಮೊದಲ ವಾರ ಎರಡು ಕೆ.ಜಿ. ಇಳಿಯಿತು ಅಂತ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು.

ಮುದ್ದೆ ತಿಂದರೆ ಶುಗರ್ ಬರಲ್ವಾ?

ಭಾರತೀಯರ ಊಟದಲ್ಲಿ ಸುಮಾರು 62% ಕ್ಯಾಲರಿ ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ ಎಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನ 2025ರಲ್ಲಿ ಹೇಳಿದೆ. ಒಟ್ಟು ಪ್ರಮಾಣ ಇಳಿಸದೆ, ಅಕ್ಕಿ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಹೋದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ ಅನ್ನುವುದು ಅದರ ಇನ್ನೊಂದು ಮುಖ್ಯ ಅಂಶ.

100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಹಾಗಂತ ಎರಡು ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಂಡರೆ ಅದು ಲೋ ಕಾರ್ಬ್ ಆಗಲ್ಲ.

ಹಾಗಾದರೆ ತಟ್ಟೆ ಹೇಗಿರಬೇಕು?

ಅರ್ಧ ತಟ್ಟೆ ಸೊಪ್ಪು-ತರಕಾರಿ ಪಲ್ಯ ಮತ್ತು ಕೋಸಂಬರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಕೋಳಿ, ಉಳಿದ ಕಾಲು ಭಾಗ ಮಾತ್ರ ಮುದ್ದೆ ಅಥವಾ ಅನ್ನ. ಎರಡೂ ಬೇಡ, ಒಂದೇ ಸಾಕು. ಮೊಳಕೆ ಹುರುಳಿಕಾಳಿನ ಸಾರು, ಬಸ್ಸಾರಿನ ಸೊಪ್ಪು, ಮಜ್ಜಿಗೆ ನಮ್ಮ ಮನೆಗಳಲ್ಲೇ ಇವೆ. ದುಬಾರಿ ಪೌಡರ್ ಡಬ್ಬ ಬೇಕಾಗಿಲ್ಲ. ಮೊದಲು ಬಿಡಬೇಕಾದದ್ದು ಟೀ-ಕಾಫಿಯ ಸಕ್ಕರೆ, ಬೇಕರಿ ತಿಂಡಿ, ಕೂಲ್ ಡ್ರಿಂಕ್ಸ್.

ಯಾರು ಹುಷಾರಾಗಿರಬೇಕು?

* ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು: ಔಷಧ ತಗೊಂಡು ಊಟ ಬಿಟ್ಟರೆ ಶುಗರ್ ದಿಢೀರ್ ಕೆಳಗೆ ಇಳಿಯುತ್ತದೆ.
* ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರು: ಉಪವಾಸ ಅಥವಾ ತೀರಾ ಕಡಿಮೆ ಕಾರ್ಬ್ ಮಾಡಿದರೆ ರಕ್ತದಲ್ಲಿ ಆಮ್ಲ ಏರಬಹುದು. ಶುಗರ್ ಹೆಚ್ಚು ಏರದೆಯೂ ಹೀಗಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.
* ಬಿಪಿ ಮಾತ್ರೆಯವರು: ಬಿಪಿ ಇಳಿದು ತಲೆಸುತ್ತು ಬರಬಹುದು.
* ಕಿಡ್ನಿ ತೊಂದರೆ ಇರುವವರು: ಪ್ರೋಟೀನ್ ಎಷ್ಟು ಅಂತ ಡಾಕ್ಟರೇ ಹೇಳಬೇಕು.
* ಗರ್ಭಿಣಿಯರು, ಎದೆಹಾಲು ಕುಡಿಸುವವರು, ಮಕ್ಕಳು: ಇವರಿಗೆ ಈ ಉಪವಾಸ ಬೇಡ.

ಶುಗರ್ ಇಳಿದಾಗ ಏನು ಮಾಡಬೇಕು?

ಕೈ ನಡುಕ, ಬೆವರು, ಎದೆ ಡವಡವ, ಕಣ್ಣು ಮಂಜು, ಮಾತು ತೊದಲು. ಇವು ಶುಗರ್ ಇಳಿದ ಲಕ್ಷಣ. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ತಕ್ಷಣ ಕುಡಿಸಿ. ಮೀಟರ್ ಇಲ್ಲದಿದ್ದರೆ ಕಾಯುತ್ತಾ ಕೂರಬೇಡಿ, ಲಕ್ಷಣ ಕಂಡ ಕೂಡಲೇ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಉಪವಾಸ, ವ್ರತ ಅಂತ ಹಿಂಜರಿಯಬೇಡಿ, ಜೀವ ಮೊದಲು.

ಶುರು ಮಾಡುವುದು ಹೇಗೆ?

ಆರೋಗ್ಯವಾಗಿರುವವರು ಮೊದಲು 12 ಗಂಟೆ ಅಂತರದಿಂದ ಶುರು ಮಾಡಬಹುದು. ರಾತ್ರಿ 8ಕ್ಕೆ ಊಟ ಮುಗಿಸಿ ಬೆಳಗ್ಗೆ 8ಕ್ಕೆ ತಿಂಡಿ. ಒಗ್ಗಿದ ಮೇಲೆ ನಿಧಾನಕ್ಕೆ 14 ಗಂಟೆಗೆ ಹೋಗಿ. ಬಿಸಿಲಲ್ಲಿ ಹೊಲ-ತೋಟದ ಕೆಲಸ ಇರುವ ದಿನ ಉಪವಾಸ ಬೇಡ.

ಮಾತ್ರೆ ತಗೊಳ್ಳುವವರು ಮಾತ್ರೆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ, ‘ಹೀಗೆ ಮಾಡಬೇಕು ಅಂತಿದ್ದೀನಿ, ಡೋಸ್ ಬದಲಾಯಿಸಬೇಕಾ?’ ಅಂತ ಕೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ. ಶುಗರ್ ಇದೆಯೋ ಇಲ್ಲವೋ ಗೊತ್ತಿಲ್ಲದವರು, 30 ವರ್ಷ ದಾಟಿದ್ದರೆ, ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಿಪಿ, ಶುಗರ್ ಪರೀಕ್ಷೆ ಅಲ್ಲಿ ಉಚಿತ.