ಕಟಾದೊಳಗಿನ ಕಾಳಗ

ಕರಾಟೆಯ ಕಟಾ, ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ, ಬರಿಯ ಕವಾಯತು ಎಂದು ಮೂಗು ಮುರಿಯುವವರಿದ್ದಾರೆ. ಅದು ಹಾಗೆ ಕಾಣತೊಡಗಿದ್ದಕ್ಕೆ ಕಾರಣ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಒಕಿನಾವಾ ದ್ವೀಪದ ಶಾಲೆಗಳಲ್ಲಿದೆ. ಗುರುವಿನೆದುರು ಒಬ್ಬಿಬ್ಬರೇ ಕಲಿಯುತ್ತಿದ್ದ ವಿದ್ಯೆಯನ್ನು ಕರಾಟೆ ಗುರು ಇತೋಸು ಅಂಕೋ ಶಾಲೆಯ ಅಂಗಳಕ್ಕೆ ತಂದರು; ಕಲಿಕೆ ಸುಲಭವಾಗಲೆಂದು ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. ಸಾಲಾಗಿ ನಿಂತ ಹುಡುಗರಿಗೆ ಕತ್ತು ಹಿಸುಕುವುದನ್ನೋ ಕೀಲು ತಿರುಚುವುದನ್ನೋ ಕಲಿಸುವುದು ಸಲ್ಲದ ಮಾತು. ಹೀಗಾಗಿ ಚಲನೆ ಉಳಿಯಿತು, ಬಳಕೆ ಹಿಂದೆ ಸರಿಯಿತು. ಆದರೆ ಪ್ರತಿ ಚಲನೆಯ ಅರ್ಥವನ್ನೂ ಅದು ಒದಗುವ ಸಂದರ್ಭವನ್ನೂ ತಿಳಿದು ಅಭ್ಯಾಸ ಮಾಡಬೇಕೆಂದು 1908ರ ಪತ್ರದಲ್ಲಿ ಹೇಳಿದವರೂ ಅದೇ ಇತೋಸು.

ಕಟಾದ ಚಲನೆಗಳಿಗೆ ಇಂದು ತೋರಿಸುವ ಪ್ರಯೋಗಗಳೆಲ್ಲ ಆಮೇಲೆ ಕಟ್ಟಿದ್ದಲ್ಲವೇ ಎಂದು ಕೇಳಬಹುದು. ಕೆಲವು ಹೌದು. ಎದುರಾಳಿ ಹೊಡೆದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿರುತ್ತಾನೆಂದು ನಂಬುವ ವಿವರಣೆಗಳನ್ನು ನಾನು ಒಪ್ಪಲಾರೆ. ಆದರೆ ಕರಾಟೆ ಗುರು ಮೋಟೊಬು ಚೋಕಿಯವರ 1926ರ ಪುಸ್ತಕದ ಫೋಟೋಗಳಲ್ಲಿ ಇಬ್ಬರು ತೀರಾ ಹತ್ತಿರದಿಂದ ಸೆಣಸುತ್ತಾರೆ; ಇನ್ನೊಬ್ಬ ಗುರು ಫುನಾಕೋಶಿಯವರ 1935ರ ಪುಸ್ತಕ ‘ಕರಾಟೆ-ದೋ ಕ್ಯೋಹಾನ್’ನಲ್ಲಿ ಎದುರಾಳಿಯನ್ನು ಕೆಡಹುವ ಪಟ್ಟುಗಳೂ ಇವೆ. ಕಟಾದಲ್ಲಿ ಸೊಂಟಕ್ಕೆ ಎಳೆದುಕೊಳ್ಳುವ ಮುಷ್ಟಿಯನ್ನೇ ನೋಡಿ: ಖಾಲಿ ಗಾಳಿಯಲ್ಲಿ ಅದಕ್ಕೆ ಕೆಲಸವಿಲ್ಲ. ಎದುರಾಳಿಯ ಮಣಿಕಟ್ಟು ಅದರೊಳಗೆ ಸಿಕ್ಕಿದರೆ ಅವನ ಸಮತೋಲ ತಪ್ಪುತ್ತದೆ, ಇನ್ನೊಂದು ಕೈಯ ಏಟಿಗೆ ಅವನೇ ಮುಗ್ಗರಿಸಿ ಬರುತ್ತಾನೆ.