ಕಲಿ, ಕಲಿಸು

‘ಈಜು ಕಲಿತೆ’ ಎನ್ನುತ್ತೇವೆ; ‘ಈಜು ಓದಿದೆ’ ಎಂದು ಯಾರೂ ಹೇಳುವುದಿಲ್ಲ. ಸೈಕಲ್ಲು ಹೊಡೆಯುವುದು, ರೊಟ್ಟಿ ತಟ್ಟುವುದು, ನೇಗಿಲು ಹಿಡಿಯುವುದು, ಎಲ್ಲವನ್ನೂ ಕಲಿಯುತ್ತೇವೆ. ಓದಿಗೆ ಪುಸ್ತಕ ಸಾಕು. ಕಲಿಕೆಗೆ ಮೈಯೆಲ್ಲ ಬೇಕು. ‘ಮಾಡಿ ಕಲಿ, ನೋಡಿ ತಿಳಿ’ ಎಂಬ ಮಾತು ಹುಟ್ಟಿದ್ದು ಈ ಅರಿವಿನಿಂದಲೇ.

‘ಕಲಿ’ ಅಚ್ಚ ದ್ರಾವಿಡ ಧಾತು. ಹಳಗನ್ನಡದಲ್ಲಿ ‘ಕಲ್’ ಎಂಬ ರೂಪವೂ ಇತ್ತು. ತಮಿಳಿನ ‘ಕಲ್ವಿ’, ತುಳುವಿನ ‘ಕಲ್ಪುನಿ’ ಇದರ ಒಡಹುಟ್ಟುಗಳು. ಅರಿವು ಬರುವ ದಾರಿಗಳು ಹಲವು ಎಂದು ಸಾರುವ ಸೋಮೇಶ್ವರ ಶತಕದ ಹೆಸರಾಂತ ಪದ್ಯದಲ್ಲಿ ಇದು ‘ಕಲ್ತು’ ಎಂದಿದೆ. ಆಡುಮಾತಿನ ‘ಕಲ್ತ’, ‘ಕಲ್ತೋರು’ಗಳಲ್ಲಿ ಆ ಹಳೆಯ ರೂಪ ಇಂದಿಗೂ ಉಸಿರಾಡುತ್ತಿದೆ. ವೀರ ಎಂಬರ್ಥದ ‘ಕಲಿ’ಯೂ ಯುಗದ ಹೆಸರಾದ ‘ಕಲಿ’ಯೂ ಬೇರೆ ಪದಗಳು.

ಈ ಪದಕ್ಕೆ ಹೊಸ ಬಾಳು ಬಂದದ್ದು ಒಂದು ಪ್ರಯಾಣದಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಮರಳಿ ಬಂದವರು ಹಾಡು, ಕಥೆ, ಆಟಗಳನ್ನು ಹೆಣೆದು ಯುನಿಸೆಫ್ ನೆರವಿನಲ್ಲಿ ಕಟ್ಟಿದ್ದೇ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ನಲಿ-ಕಲಿ ಕೊಠಡಿಯಲ್ಲಿ ಹಿಂದಿನ ಬೆಂಚು ಎಂಬುದಿಲ್ಲ. ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಗೆಳೆಯರದು, ಮತ್ತೊಂದರಲ್ಲಿ ಸ್ವಕಲಿಕೆ. ತಲೆಯ ಮೇಲಿನ ಚಪ್ಪರದ ದಾರಗಳಲ್ಲಿ ಮಕ್ಕಳೇ ಬರೆದ ಚಿತ್ರಗಳು ತೂಗುತ್ತವೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪಾಠಗಳಿಗೆ ಬದಲು ‘ಮೈಲಿಗಲ್ಲು’ಗಳಿವೆ. ಅಪ್ಪ-ಅಮ್ಮನೊಡನೆ ಕೂಲಿಗೆ ಗುಳೆ ಹೋದ ಮಗು ತಿಂಗಳ ಮೇಲೆ ಬಂದರೂ ತಾನು ನಿಂತಿದ್ದ ಮೈಲಿಗಲ್ಲಿನಿಂದಲೇ ಹೆಜ್ಜೆ ಇಡಬಹುದು. ‘ಹಿಂದೆ ಬಿದ್ದವನು’ ಎಂಬ ಹಣೆಪಟ್ಟಿ ಅದಕ್ಕಿಲ್ಲ. ಶಿಕ್ಷಕರು ಒಮ್ಮೆ ಊರು ಬಿಟ್ಟು ಹೋಗಿ ನೋಡಿ ಬಂದದ್ದರ ಫಲವಿದು.

‘ಕಲಿ’ಗೆ ‘ಇಸು’ ಸೇರಿದರೆ ‘ಕಲಿಸು’, ಅಂದರೆ ಕಲಿಯುವಂತೆ ಮಾಡು. ಮಗು ಕಲಿಯದೆ ಈ ಕ್ರಿಯೆ ಪೂರ್ಣವಾಗದು. ‘ಪಾಠ ಮುಗಿಸಿದೆ’ ಎಂದು ಯಾವ ಶಿಕ್ಷಕರಾದರೂ ಹೇಳಬಹುದು. ‘ಕಲಿಸಿದೆ’ ಎನ್ನಬೇಕಾದರೆ ಮಾತ್ರ ತರಗತಿಯ ಕೊನೆಯ ಮಗುವೂ ಕಲಿತಿರಬೇಕು.