ಕಲಬುರಗಿಯ ಕಾಂಕ್ರೀಟು ಮತ್ತು ಒಡೆಯದೆ ಒಳಗನ್ನು ಅರಿಯುವ ವಿದ್ಯೆ

ಕಲಬುರಗಿ ಕೋಟೆಯ ಜಾಮಿ ಮಸೀದಿಯು 1367ರಲ್ಲಿ, ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಶಾಹನ ಆಳ್ವಿಕೆಯಲ್ಲಿ ಕಲ್ಲು ಗಾರೆಗಳಿಂದ ನಿರ್ಮಾಣಗೊಂಡಿತು. ಸರಳಿನ ಆಸರೆಯಿಲ್ಲದ ಅದರ ಕಮಾನು ಗುಮ್ಮಟಗಳಲ್ಲಿ ತುಕ್ಕಿನಿಂದ ಒಡೆಯುವ ಭಯವೇ ಇಲ್ಲ. ಇದೇ ನಗರದ ಮೋಮಿನಪುರದಂಥ ಇಕ್ಕಟ್ಟಿನ ಮೊಹಲ್ಲಾಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಎದ್ದುನಿಂತ, ಒಳಗೆ ಉಕ್ಕಿನ ಸರಳಿರುವ ಕಾಂಕ್ರೀಟಿನ ಪಿಲ್ಲರ್, ಸ್ಲ್ಯಾಬುಗಳ ಸ್ಥಿತಿ ಬೇರೆ. ಶಹಾಬಾದದಲ್ಲಿ ನಿಜಾಮರ ಕಾಲದಲ್ಲಿಯೇ ಸಿಮೆಂಟ್ ಕಾರ್ಖಾನೆ ಬಂದು, 1968ರಲ್ಲಿ ವಾಡಿಯ ಕಾರ್ಖಾನೆಯೂ ಸೇರಿಕೊಂಡಾಗ, ಈ ಸುಣ್ಣಕಲ್ಲಿನ ಸೀಮೆಗೆ ಸಿಮೆಂಟು ಮನೆಯಂಗಳದ ಸರಕಾಯಿತು.

ಹೊಸ ಕಾಂಕ್ರೀಟಿನ ಕ್ಷಾರಗುಣವು ಸರಳನ್ನು ತುಕ್ಕಿನಿಂದ ಕಾಯುತ್ತದೆ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳನುಗ್ಗಿ ಆ ಗುಣವನ್ನು ಕಳೆದಾಗ, ನೀರು ಸೋಕಿದ ಸರಳು ತುಕ್ಕು ಹಿಡಿದು, ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು ಗೋಡೆಯ ಮೇಲೆ ಮೂಡಿಸುವ ಬಿರುಕು ಎಲ್ಲರಿಗೂ ಕಾಣುತ್ತದೆ; ಈ ಸೀಳು ಮಾತ್ರ ಗಿಲಾವಿನ ಹಿಂದೆ ಬಹುಕಾಲ ಅಡಗಿರುತ್ತದೆ.

ಅದನ್ನು ಕಟ್ಟಡಕ್ಕೆ ಪೆಟ್ಟಾಗದಂತೆ ಪತ್ತೆಹಚ್ಚುವ ಉಪಕರಣಗಳು ಮೊದಲು ರೂಪುಗೊಂಡದ್ದು ಹೊರದೇಶಗಳಲ್ಲಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಅರ್ನ್ಸ್ಟ್ ಷ್ಮಿಟ್, 1940ರ ದಶಕದ ಕೊನೆಯಲ್ಲಿ, ಬಡಿದು ಪುಟಿಯುವ ದೂರದಿಂದ ಮೇಲ್ಮೈಯ ಗಟ್ಟಿತನವನ್ನು ಅಳೆಯುವ ರಿಬೌಂಡ್ ಹ್ಯಾಮರನ್ನು ರೂಪಿಸಿದರು. ಅದೇ ಸುಮಾರಿಗೆ ಕೆನಡಾ ಮತ್ತು ಬ್ರಿಟನ್ನಿನಲ್ಲಿ ಶ್ರವಣಾತೀತ ಧ್ವನಿಯ, ಎಂದರೆ ಮನುಷ್ಯನ ಕಿವಿಗೆ ಕೇಳಿಸದಷ್ಟು ತೀಕ್ಷ್ಣವಾದ ಧ್ವನಿಯ ಪರೀಕ್ಷೆ ಬೆಳೆಯಿತು. ಗಿಲಾವು ಕಿತ್ತು, ಮೇಲ್ಮೈಯನ್ನು ಉಜ್ಜುಕಲ್ಲಿನಿಂದ ನಯಮಾಡಿ, ಗ್ರೀಸ್ ಸವರಿ, ಪಿಲ್ಲರಿನ ಎರಡು ಎದುರು ಮುಖಗಳಿಗೆ ಎರಡು ಗುಂಡಿಗಳನ್ನು ಒತ್ತಿ ಹಿಡಿದರೆ, ಒಂದರಿಂದ ಹೊರಟ ಧ್ವನಿ ಇನ್ನೊಂದನ್ನು ಮುಟ್ಟಲು ಹಿಡಿದ ಕಾಲವನ್ನು ಯಂತ್ರ ತೋರಿಸುತ್ತದೆ. 300 ಮಿಲಿಮೀಟರು ದಪ್ಪದ ಗಟ್ಟಿ ಪಿಲ್ಲರನ್ನು ಧ್ವನಿಯು ಸೆಕೆಂಡಿಗೆ 4.5 ಕಿಲೋಮೀಟರು ವೇಗದಲ್ಲಿ, ಸುಮಾರು 67 ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ. ಒಳಗೆ ಬಿರುಕಿದ್ದರೆ ಅದನ್ನು ಬಳಸಿಕೊಂಡು ಹೋಗಬೇಕಾದುದರಿಂದ ತಡವಾಗುತ್ತದೆ. ಅದೇ ದಪ್ಪಕ್ಕೆ 110 ಮೈಕ್ರೋಸೆಕೆಂಡು ಹಿಡಿದರೆ ವೇಗವು 3 ಕಿಲೋಮೀಟರಿಗಿಂತ ಕೆಳಗಿಳಿದಿದೆ ಎಂದರ್ಥ. 1992ರ ಭಾರತೀಯ ಮಾನಕ ಐಎಸ್ 13311 ಅಂಥ ಕಾಂಕ್ರೀಟನ್ನು ಸಂದೇಹಾಸ್ಪದವೆಂದು ಗಣಿಸಿತು.

ಹಳೆಯ ಕಟ್ಟಡಗಳ ಮಟ್ಟಿಗೆ ರಿಬೌಂಡ್ ಹ್ಯಾಮರೊಂದನ್ನೇ ನೆಚ್ಚುವುದು ಅಪಾಯಕರ. ಸರಳಿನ ರಕ್ಷಣೆಯನ್ನು ಕಸಿಯುವ ಅದೇ ಇಂಗಾಲದ ಕ್ರಿಯೆ ಕಾಂಕ್ರೀಟಿನ ಹೊರಪದರವನ್ನು ಗಟ್ಟಿಗೊಳಿಸುವುದರಿಂದ, ಒಳಗೆ ಸೀಳಿದ ಪಿಲ್ಲರೂ ಹ್ಯಾಮರಿನ ಅಳತೆಯಲ್ಲಿ ಸದೃಢವೆನಿಸಿಬಿಡುತ್ತದೆ. ಧ್ವನಿಯ ದಾರಿಯುದ್ದಕ್ಕೂ ಸರಳು ಸಿಕ್ಕರೆ, ಉಕ್ಕಿನಲ್ಲಿ ಧ್ವನಿ ಇನ್ನೂ ಬೇಗ ಸಾಗುವುದರಿಂದ, ಎರಡನೆಯ ಪರೀಕ್ಷೆಯ ವೇಗವೂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದುದರಿಂದ ಸರಳಿನ ಜಾಗವನ್ನು ಮೊದಲು ಗುರುತುಮಾಡಿಕೊಂಡು, ಎರಡೂ ಅಳತೆಗಳನ್ನು ಜೊತೆಯಲ್ಲಿಟ್ಟು ನೋಡಿ, ಸಂದೇಹ ಉಳಿದ ಕಡೆ ಮಾತ್ರ ಕಾಂಕ್ರೀಟಿನ ಸಣ್ಣ ತುಂಡನ್ನು ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಒತ್ತಿ ಪರೀಕ್ಷಿಸಲಾಗುತ್ತದೆ.